ನಮ್ಮಜ್ಜನ ರಾಜ ಜಿಗಿಯುತ್ತಿದ್ದ

‘ಚೆನ್ನೈಯವರಾ?’

ಎದುರಿಗೆ ಕುಳಿತಿದ್ದ ಜರ್ಮನಿಯ ಹಿರಿಯರು ನನ್ನ ಹೆಸರಿನ ಪಕ್ಕದಲ್ಲಿದ್ದ ‘ಐಎನ್‌ಡಿ’ ಎಂಬ ಅಕ್ಷರಗಳನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು. ಚೆಸ್ ಆಡುವ ಭಾರತೀಯರೆಲ್ಲ ಚೆನ್ನೈಯವರೇ ಎಂಬ ನಂಬಿಕೆ ಯುರೋಪಿನವರಲ್ಲಿ ಗಟ್ಟಿಯಾಗಿದೆ. ಅವರದೂ ತಪ್ಪಲ್ಲ ಬಿಡಿ. ಆನಂದ್ ಅಲ್ಲಿಯವರು, ಪ್ರಜ್ಞಾನಂದ ಅಲ್ಲಿಯವರು, ಈಗ ವಿಶ್ವ ಚಾಂಪಿಯನ್ ಆದ ಗುಕೇಶ್ ಕೂಡ ಅಲ್ಲಿಯವರೇ.

‘ಅಲ್ಲ ಸರ್, ಗಂಗಾವತಿ.’

ಅವರ ಮುಖದಲ್ಲಿ ಏನೂ ಮೂಡಲಿಲ್ಲ. ಹೊರಗಿನವರಿಗೆ ಊರು ಹೇಳಬೇಕಾದಾಗ ನಮ್ಮ ಕಡೆಯವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ‘ಹಂಪಿ ಕೇಳಿದ್ದೀರಾ? ಅದರ ಹತ್ತಿರ. ಹೊಳೆ ದಾಟಿದರೆ ನಮ್ಮ ತಾಲ್ಲೂಕು.’

‘ಹಂಪಿ!’ ಅವರು ಕುರ್ಚಿಯಲ್ಲೇ ನೆಟ್ಟಗಾದರು. ‘ಕೊನೇರು ಹಂಪಿ? ನೀವು ಅವರ ಪಕ್ಕದ ಮನೆಯವರಾ?’

ಅದು 2025ರ ಜುಲೈ. ಅದೇ ದಿನಗಳಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ನಡೆಯುತ್ತಿತ್ತು. ಹಂಪಿ, ದಿವ್ಯಾ ದೇಶಮುಖ್ ಇಬ್ಬರ ಹೆಸರೂ ಎಲ್ಲರ ಬಾಯಲ್ಲಿತ್ತು. ಕೊನೇರು ಹಂಪಿ ಆಂಧ್ರದವರು, ‘ಚಾಂಪಿಯನ್’ ಎಂಬ ಪದದಿಂದ ಅವರ ತಂದೆ ಆ ಹೆಸರು ಆಯ್ದದ್ದು, ನಮ್ಮ ವಿರೂಪಾಕ್ಷನ ಹಂಪಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವಿವರಿಸಬೇಕು ಎನ್ನುವಷ್ಟರಲ್ಲಿ ಮೈಕಿನಲ್ಲಿ ಘೋಷಣೆಯಾಯಿತು. ಗಡಿಯಾರಗಳು ಶುರುವಾದವು. ಕೊನೇರು ಹಂಪಿಯ ಪಕ್ಕದ ಮನೆಯ ಹುಡುಗಿ ಎಂಬ ಭಯದಲ್ಲಿ ಆ ಹಿರಿಯರು ಮೊದಲ ಐದು ನಡೆಗಳಿಗೇ ಕಾಲು ಗಂಟೆ ತೆಗೆದುಕೊಂಡರು. ಆಮೇಲೆ ನಿಜ ಗೊತ್ತಾಯಿತು ಅನಿಸುತ್ತದೆ. 31ನೇ ನಡೆಗೆ ನಾನು ಸೋತೆ.

ಹೀಗೆ ಶುರುವಾಯಿತು ನನ್ನ ಮೊದಲ ವಿದೇಶಿ ಟೂರ್ನಿ. ಜೆಕ್ ಗಣರಾಜ್ಯದ ಪಾರ್ದುಬಿತ್ಸೆ ಎಂಬ ಊರಿನಲ್ಲಿ 1990ರಿಂದ ಪ್ರತಿ ಬೇಸಿಗೆಯಲ್ಲಿ ‘ಜೆಕ್ ಓಪನ್’ ನಡೆಯುತ್ತದೆ. ಗ್ರ್ಯಾಂಡ್‌ಮಾಸ್ಟರ್‌ಗಳಿಂದ ಹಿಡಿದು ನನ್ನಂಥವರವರೆಗೆ ರೇಟಿಂಗ್ ಪ್ರಕಾರ ಬೇರೆ ಬೇರೆ ವಿಭಾಗಗಳು. ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಆಟಗಾರರು ಬರುತ್ತಾರೆ. ಆಡುವುದು ಐಸ್ ಹಾಕಿ ಕ್ರೀಡಾಂಗಣದಲ್ಲಿ. ಚಳಿಗಾಲದಲ್ಲಿ ಮಂಜುಗಡ್ಡೆ ಇರುವ ನೆಲದ ಮೇಲೆ ಸಾಲು ಸಾಲು ಟೇಬಲ್, ಸುತ್ತ ಖಾಲಿ ಗ್ಯಾಲರಿ. ಗವಿಮಠದ ಜಾತ್ರೆಯಷ್ಟು ಜನ ಅಂತ ಹೇಳಿದರೆ ಕೊಪ್ಪಳದವರು ಬೈಯುತ್ತಾರೆ, ಅಷ್ಟೇನೂ ಇರಲಿಲ್ಲ. ಆದರೆ ಅಷ್ಟು ಜನ ಸೇರಿಯೂ ಒಂದು ಸದ್ದಿಲ್ಲದ ಜಾಗವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾಯಿ ಇಡುವ ಟಕ್ ಟಕ್, ಗಡಿಯಾರ ಒತ್ತುವ ಸದ್ದು, ಯಾರೋ ಕೆಮ್ಮಿದ್ದು. ಅಷ್ಟೆ.

ಗಂಗಾವತಿಯ ಹುಡುಗಿ ಅಲ್ಲಿಗೆ ಹೋದದ್ದು ಹೇಗೆ ಎಂದರೆ, ಸ್ವಲ್ಪ ಸುಲಭದ ದಾರಿಯಲ್ಲೇ ಹೋದೆ. ನಾನು ಸ್ನಾತಕೋತ್ತರ ಓದುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಜರ್ಮನಿಯ ವಾಸದ ಪರವಾನಗಿ ಇದ್ದರೆ ಜೆಕ್‌ಗೆ ಬೇರೆ ವೀಸಾ ಬೇಡ. ರೈಲಿನಲ್ಲಿ ಪ್ರಾಗ್, ಅಲ್ಲಿಂದ ಪೂರ್ವಕ್ಕೆ ಇನ್ನೊಂದು ಗಂಟೆ. ವಿಶೇಷವೆಂದರೆ ಡ್ರೆಸ್ಡೆನ್ ಇರುವುದೂ ಪಾರ್ದುಬಿತ್ಸೆ ಇರುವುದೂ ಒಂದೇ ನದಿಯ ದಂಡೆಯಲ್ಲಿ. ಇವರು ಎಲ್ಬೆ ಅನ್ನುತ್ತಾರೆ, ಅವರು ಲಾಬೆ ಅನ್ನುತ್ತಾರೆ. ಪ್ರವೇಶ ಶುಲ್ಕ, ಹಾಸ್ಟೆಲ್ ಬಾಡಿಗೆ, ರೈಲು ಸೇರಿ ನನ್ನ ಒಂದು ತಿಂಗಳ ಪಾರ್ಟ್‌ಟೈಮ್ ಸಂಬಳ ಖಾಲಿಯಾಯಿತು. ಊರಿನಿಂದಲೇ ಹೋಗುವುದಾಗಿದ್ದರೆ ವಿಮಾನ, ವೀಸಾ ಎಲ್ಲ ಸೇರಿ ಅಪ್ಪನ ಕೈಲಿ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನನ್ನ ರೇಟಿಂಗ್ ಕಥೆಯೂ ಒಂದು ತಮಾಷೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ 2022ರಲ್ಲಿ ಮೊದಲ ಸಲ ಫಿಡೆ ರೇಟಿಂಗ್ ಸಿಕ್ಕಿತು, 1200. ಆಮೇಲೆ ಆಡಿದ್ದೇ ಇಲ್ಲ. 2024ರ ಮಾರ್ಚ್‌ನಲ್ಲಿ ಫಿಡೆಯವರು ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿ, 2000ಕ್ಕಿಂತ ಕಡಿಮೆ ಇದ್ದವರಿಗೆಲ್ಲ ಒಂದು ಸೂತ್ರದ ಪ್ರಕಾರ ಅಂಕ ಸೇರಿಸಿದರು. 2000ಕ್ಕೆ ನಿಮಗೆಷ್ಟು ಕಡಿಮೆಯೋ ಅದರ ಶೇ 40ರಷ್ಟು ಸೇರಿಸುವುದು. ನನಗೆ 800 ಕಡಿಮೆ ಇತ್ತು, 320 ಬಂತು. ಹಾಸಿಗೆಯಲ್ಲಿ ಮಲಗಿದ್ದವಳು ಬೆಳಗಾಗುವುದರೊಳಗೆ 1520 ಆದೆ. ಅಪ್ಪನಿಗೆ ಹೇಳಿದರೆ, ‘ಪಗಾರನೂ ಹಿಂಗ ಏರಿಸಿದ್ರ ಚಲೋ ಇತ್ತು’ ಎಂದ.

ಆದರೆ ನಾನು ಹೇಳಬೇಕಾದದ್ದು ರೇಟಿಂಗ್ ವಿಷಯವಲ್ಲ, ನಮ್ಮಜ್ಜನ ವಿಷಯ.

ನಮ್ಮವ್ವನ ತವರು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಗಂಗಾವತಿಯಲ್ಲಿ ಎಲ್ಲಿ ನೋಡಿದರೂ ಕಾಲುವೆ ನೀರು, ಭತ್ತದ ಹಸಿರು. ಅಜ್ಜನ ಊರಿನಲ್ಲಿ ಮಳೆ ಬಂದರೆ ಸಜ್ಜೆ, ಹೆಸರು. ಬರದಿದ್ದರೆ ಕಟ್ಟೆಯ ಮೇಲೆ ಕುಳಿತು ಆಕಾಶ ನೋಡುವುದು. ಹಾಗೆ ನೋಡುವಾಗ ಆಡಲು ಅಜ್ಜನಿಗೆ ಒಂದು ಆಟವಿತ್ತು. ಅವನು ಅದಕ್ಕೆ ಬುದ್ಧಿಬಲ ಅನ್ನುತ್ತಿದ್ದ. ನಾವು ಮೊಮ್ಮಕ್ಕಳು ಬೇಸಿಗೆ ರಜೆಗೆ ಹೋದಾಗ ಉಳಿದವರು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟುತ್ತಿದ್ದರು, ನಾನು ಅಜ್ಜನ ಮುಂದೆ ಕೂರುತ್ತಿದ್ದೆ.

ಹಾಸನ್ನು ಅಜ್ಜಿ ಹೊಲಿದದ್ದು. ಕೌದಿ ಹೊಲಿದು ಮಿಕ್ಕ ತುಂಡುಗಳಲ್ಲಿ ಹಳೆಯ ಇಳಕಲ್ ಸೀರೆಯ ಕೆಂಪು, ಅಜ್ಜನ ಧೋತರದ ಬಿಳಿ, ಎಂಟೆಂಟು ಚೌಕ. ಕಾಯಿಗಳು ಕಟ್ಟಿಗೆಯವು, ಬಣ್ಣ ಹೋಗಿದ್ದವು. ಒಂದು ಆನೆ ಕಳೆದುಹೋಗಿ ಅದರ ಜಾಗಕ್ಕೆ ಕಿನ್ನಾಳದ ಬಣ್ಣದ ಆನೆ ಬಂದಿತ್ತು. ಅದು ಎರಡು ಚೌಕದಷ್ಟು ದಪ್ಪ, ಪಕ್ಕದ ಕುದುರೆಯನ್ನು ಯಾವಾಗಲೂ ದೂಡಿ ನಿಲ್ಲುತ್ತಿತ್ತು. ಕಳೆದ ಪ್ಯಾದೆಗಳಿಗೆ ಬದಲು ಸೋಡಾ ಬಾಟಲಿ ಮುಚ್ಚಳ.

ಅಜ್ಜನ ಆಟದ ಕಾನೂನು ಹೀಗೆ. ಪ್ಯಾದೆ ಯಾವಾಗಲೂ ಒಂದೇ ಹೆಜ್ಜೆ, ಮೊದಲ ನಡೆಯಲ್ಲೂ ಎರಡು ಹೆಜ್ಜೆ ಇಲ್ಲ. ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜನಿಗೆ ಇನ್ನೂ ‘ಶಾ’ ಬಿದ್ದಿಲ್ಲವಾದರೆ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಪ್ಯಾದೆ ಕೊನೆಯ ಮನೆ ಮುಟ್ಟಿದರೆ ಯಾರ ಸಾಲಿನಲ್ಲಿ ಮುಟ್ಟಿತೋ ಆ ಕಾಯಿಯೇ ಆಗಬೇಕು. ಒಂಟೆಯ ಸಾಲಿನಲ್ಲಿ ಹೋದ ಪ್ಯಾದೆ ಒಂಟೆ, ಆನೆಯ ಸಾಲಿನಲ್ಲಿ ಹೋದದ್ದು ಆನೆ. ಬೇಕೆಂದವರಿಗೆಲ್ಲ ಮಂತ್ರಿಗಿರಿ ಸಿಗುತ್ತಿರಲಿಲ್ಲ. ಹೀಗಾಗಿ ಆಟ ನಿಧಾನ. ಮಧ್ಯಾಹ್ನದ ರೊಟ್ಟಿ ಉಂಡು ಕುಳಿತರೆ ದನ ಮನೆಗೆ ಬರುವ ಹೊತ್ತಿಗೆ ಮುಗಿಯುತ್ತಿತ್ತು. ಕೊನೆಯಲ್ಲಿ ಎರಡು ರಾಜ, ಒಂದೆರಡು ಪ್ಯಾದೆ ಉಳಿದಾಗ ಅಜ್ಜ ಮೀಸೆ ತಿರುವಿ ಮುಂದೆ ಬಾಗುತ್ತಿದ್ದ. ‘ಈಗ ಆಟ ಶುರು ಆತ್ ನೋಡವಾ’ ಅನ್ನುತ್ತಿದ್ದ.

ಆಗ ಅವನು ಹೇಳುತ್ತಿದ್ದ ಒಂದು ಮಾತು: ‘ಇಬ್ಬರು ರಾಜರು ನಡುವ ಒಂದ್ ಮನಿ ಬಿಟ್ಟು ಎದುರಾಬದುರಾ ನಿಂತ್ರ, ಯಾರ ಪಾಳಿ ಐತಿ ಅವನ ಸೋತ.’ ನಡೆಯುವ ಪಾಳಿ ಬಂದವನು ದಾರಿ ಬಿಡಲೇಬೇಕು, ಅದಕ್ಕೆ. ಎಂಟು ವರ್ಷದವಳಿಗೆ ಅದು ಜಗಳದ ಮಾತಿನಂತೆ ಕೇಳುತ್ತಿತ್ತು.

2013ರಲ್ಲಿ ನಾನು ಎಂಟನೇ ಇಯತ್ತೆ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಚೆಸ್ ಇದೆ ಎಂದು ಕೇಳಿ ಹೆಸರು ಕೊಟ್ಟೆ. ನನಗಿಂತ ಚೆಸ್ ಬಲ್ಲವರು ಯಾರು ಎಂಬ ಸೊಕ್ಕು. ಪ್ಲಾಸ್ಟಿಕ್ ಕಾಯಿ, ರೆಕ್ಸಿನ್ ಹಾಸು, ಎದುರಿಗೆ ಕನ್ನಡಕದ ಹುಡುಗಿ. ಅವಳು ಪ್ಯಾದೆಯನ್ನು ಎರಡು ಹೆಜ್ಜೆ ಹಾಕಿದಾಗಲೇ ನನಗೆ ಗಾಬರಿ. ಏನೋ ತಪ್ಪು ಮಾಡಿದಳು, ಹೋಗಲಿ ಎಂದು ಸುಮ್ಮನಿದ್ದೆ. ಹತ್ತನೇ ನಡೆಗೆ ನನ್ನ ರಾಜನಿಗೆ ಇಕ್ಕಟ್ಟಾಯಿತು. ಇನ್ನೂ ಚೆಕ್ ಬಿದ್ದಿರಲಿಲ್ಲ. ನಾನು ರಾಜನನ್ನು ಎತ್ತಿ ಕುದುರೆಯಂತೆ ಜಿಗಿಸಿದೆ.

ಅವಳು ಕೈ ಎತ್ತಿದಳು. ಸರ್ ಬಂದರು. ಸುತ್ತ ನಿಂತವರೂ ಬಂದರು. ‘ರಾಜ ಕುದರಿ ಆಗ್ಯಾನ್ರೀ ಸರ್!’ ಎಂದು ಒಬ್ಬ ಕೂಗಿದ. ಆಮೇಲೆ ಎಲ್ಲರೂ ನಕ್ಕರು. ಎರಡು ವರ್ಷ ಶಾಲೆಯಲ್ಲಿ ನನ್ನನ್ನು ಕಂಡರೆ ಹುಡುಗರು ಟಕಟಕ ಎಂದು ಕುದುರೆಯ ಸದ್ದು ಮಾಡುತ್ತಿದ್ದರು.

ದಸರಾ ರಜೆಗೆ ಹೋದಾಗ ಅಜ್ಜ ಹಾಸು ಬಿಚ್ಚಿ ಕುಳಿತಿದ್ದ. ನಾನು ನಿಂತಲ್ಲೇ ಹೇಳಿದೆ, ‘ನೀ ಕಲಿಸಿದ್ದೆಲ್ಲಾ ಸುಳ್ಳ ಐತಿ. ನಿಂದು ಆಟನ ಅಲ್ಲ.’

ಅಜ್ಜ ಏನೂ ಅನ್ನಲಿಲ್ಲ. ಕಾಯಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ, ಹಾಸು ಮಡಚಿದ. ಆಮೇಲೆ ನಾವಿಬ್ಬರೂ ಆಡಲಿಲ್ಲ. ಆಡೋಣ ಎಂದು ಅವನೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಹನ್ನೆರಡು ವರ್ಷ.

ಕಾಲೇಜಿಗೆ ಬಂದ ಮೇಲೆ ಸರಿಯಾದ ನಿಯಮ, ಓಪನಿಂಗ್, ಬರೆಯುವ ಕ್ರಮ ಎಲ್ಲ ಮೊಬೈಲಿನಲ್ಲಿ ಕಲಿತೆ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ಪಟ್ಟ ಪಡೆದದ್ದು 2017ರಲ್ಲಿ. ಆನಂದ್ ಗ್ರ್ಯಾಂಡ್‌ಮಾಸ್ಟರ್ ಆಗಿ 29 ವರ್ಷಗಳ ನಂತರ. ರಾಜ್ಯದ ಸ್ಥಿತಿಯೇ ಹಾಗಿರುವಾಗ ನಮ್ಮ ಕಡೆ ನನಗೊಬ್ಬ ಕೋಚ್ ಸಿಗಲಿಲ್ಲ ಎಂದು ಅಳುವುದು ಬೇಡ ಎಂದುಕೊಂಡೆ. ಡ್ರೆಸ್ಡೆನ್‌ನಲ್ಲಿ ಒಂದು ಕ್ಲಬ್ ಸೇರಿದೆ. ಶುಕ್ರವಾರ ಸಂಜೆ ನಿವೃತ್ತ ಮೇಷ್ಟ್ರುಗಳು, ಬಸ್ ಚಾಲಕರು, ವಿದ್ಯಾರ್ಥಿಗಳು ಬಂದು ಬಿಯರ್ ಇಟ್ಟುಕೊಂಡು ಆಡುತ್ತಾರೆ. ಅವರೇ ಪಾರ್ದುಬಿತ್ಸೆಗೆ ಹೋಗು ಎಂದದ್ದು.

ಎರಡನೇ ಸುತ್ತಿನಲ್ಲಿ ನನ್ನೆದುರು ಪೋಲೆಂಡಿನ ಹುಡುಗ, ಹನ್ನೊಂದು ವರ್ಷ ಇರಬೇಕು. ಕುರ್ಚಿಯಲ್ಲಿ ಕುಳಿತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಪಕ್ಕದಲ್ಲಿ ಹಣ್ಣಿನ ರಸದ ಡಬ್ಬಿ. ನಡೆ ಹಾಕಿ ಓಡಿಹೋಗಿ ಅಪ್ಪನ ಬೋರ್ಡ್ ನೋಡಿ ಬರುತ್ತಿದ್ದ. ನಾನು ಅರ್ಧ ಗಂಟೆ ಯೋಚಿಸಿ ಹಾಕಿದ ನಡೆಗೆ ಅವನು ರಸ ಹೀರುತ್ತಲೇ ಉತ್ತರ ಕೊಡುತ್ತಿದ್ದ. ಸೋಲಿಸಿದ ಮೇಲೆ ‘ಅನಲೈಸ್ ಮಾಡೋಣವಾ?’ ಎಂದು ಬಲು ಮರ್ಯಾದೆಯಿಂದ ಕೇಳಿದ. ಮಕ್ಕಳ ಕೈಲಿ ಸೋಲುವುದು ಈ ಟೂರ್ನಿಗಳಲ್ಲಿ ಸಾಮಾನ್ಯ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೂ ಆ ಸಂಜೆ ಹಾಸ್ಟೆಲ್ಲಿನಲ್ಲಿ ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿನ್ನುವಾಗ ಗಂಟಲಲ್ಲಿ ಇಳಿಯಲಿಲ್ಲ. ಸೊನ್ನೆಗೆ ಎರಡು.

ಮೂರನೆಯದು ಗೆದ್ದೆ. ನಾಲ್ಕನೆಯದು ಡ್ರಾ, ಎದುರಾಳಿ ತಾನೇ ಕೈ ಚಾಚಿದ. ಭಾರತದ ಧ್ವಜ ಕಂಡರೆ ಇಲ್ಲಿನವರಿಗೆ ಒಂದು ಅಳುಕಿದೆ. ನಮ್ಮವರ ರೇಟಿಂಗ್ ಕಡಿಮೆ, ಆಟ ಜೋರು ಎಂಬ ಮಾತಿದೆ. ಅದರ ಲಾಭ ನನಗೂ ಒಂದರ್ಧ ಅಂಕದಷ್ಟು ಸಿಕ್ಕಿತು ಅನ್ನಿ. ಐದು ಸೋಲು, ಆರು ಗೆಲುವು, ಏಳು ಸೋಲು.

ಇಲ್ಲಿ ಒಂದು ಮೋಜು ಹೇಳಬೇಕು. ಆಟ ಮುಗಿದ ಮೇಲೆ ಎದುರಾಳಿಯ ಜೊತೆ ಕುಳಿತು ನಡೆಗಳನ್ನು ಮತ್ತೆ ನೋಡುವುದು ವಾಡಿಕೆ. ಪ್ರತಿ ನಡೆಯನ್ನೂ ಹಾಳೆಯ ಮೇಲೆ ಬರೆದಿರುತ್ತೇವಲ್ಲ, ಅದನ್ನು ಹಿಡಿದು. ನಾನು ಕ್ಲಬ್ಬಿನಲ್ಲಿ ಜರ್ಮನ್ ಅಕ್ಷರಗಳಲ್ಲಿ ಬರೆಯುವುದು ರೂಢಿ ಮಾಡಿಕೊಂಡಿದ್ದೆ. ಅದರಲ್ಲಿ ‘ಎಸ್’ ಎಂದರೆ ಸ್ಪ್ರಿಂಗರ್, ಜಿಗಿಯುವವನು, ನಮ್ಮ ಕುದುರೆ. ಜೆಕ್ ಭಾಷೆಯಲ್ಲಿ ‘ಎಸ್’ ಎಂದರೆ ಸ್ತ್ರ್ಶೆಲೆತ್ಸ್, ಗುರಿಯಿಟ್ಟು ಹೊಡೆಯುವವನು, ನಮ್ಮ ಒಂಟೆ. ಆರನೇ ಸುತ್ತಿನ ಜೆಕ್ ಯುವತಿ ನನ್ನ ಹಾಳೆ ನೋಡಿ ಕುದುರೆಯ ಜಾಗಕ್ಕೆಲ್ಲ ಒಂಟೆ ನಡೆಸಿ, ಇದು ಹೇಗೆ ಸಾಧ್ಯ ಎಂದು ತಲೆ ಕೆರೆದುಕೊಂಡಳು. ನಮ್ಮ ಆನೆ ಜೆಕ್‌ನಲ್ಲಿ ಗೋಪುರ. ನಮ್ಮ ಒಂಟೆ ಜರ್ಮನಿಯಲ್ಲಿ ಓಟಗಾರ, ಇಂಗ್ಲಿಷಿನಲ್ಲಿ ಪಾದ್ರಿ. ಕುದುರೆ ಮಾತ್ರ ಹೆಸರು ಏನೇ ಇರಲಿ, ಎಲ್ಲ ಕಡೆ ಕುದುರೆಯ ಮುಖವನ್ನೇ ಹೊತ್ತಿದೆ.

ಪಾರ್ದುಬಿತ್ಸೆಯೇ ಕುದುರೆಯ ಊರು. 1874ರಿಂದ ಅಲ್ಲಿ ಅಡೆತಡೆ ಹಾರುವ ದೊಡ್ಡ ಕುದುರೆ ಓಟ ನಡೆಯುತ್ತದೆ. ಊರಿನ ಲಾಂಛನದಲ್ಲೂ ಕುದುರೆ ಇದೆ, ಆದರೆ ಮುಂದಿನ ಅರ್ಧ ಮಾತ್ರ. 1158ರಲ್ಲಿ ಇಟಲಿಯ ಮಿಲಾನ್ ಮುತ್ತಿಗೆಯಲ್ಲಿ ಈ ಊರಿನ ವೀರನೊಬ್ಬ ಕೋಟೆಯಿಂದ ಹೊರಬರುವಾಗ ಬಾಗಿಲಿನ ಕಬ್ಬಿಣದ ಜಾಲರಿ ಮೇಲಿನಿಂದ ಬಿದ್ದು ಕುದುರೆ ಎರಡು ತುಂಡಾಯಿತಂತೆ. ಅವನು ಉಳಿದರ್ಧವನ್ನು ಹೊತ್ತು ಬಂದನಂತೆ. ಅಂಗಡಿಗಳಲ್ಲಿ ಶುಂಠಿ, ಮಸಾಲೆ ಹಾಕಿದ ಪೆರ್ನಿಕ್ ಎಂಬ ಗಟ್ಟಿ ಬಿಸ್ಕತ್ತು ಮಾರುತ್ತಾರೆ. ಅದು ಈ ಊರಿನ ಹೆಸರಾಂತ ತಿನಿಸು. ಕುದುರೆ ಆಕಾರದ್ದು ಒಂದು ಕೊಂಡೆ. ಯಾರಿಗೆ ಎಂದು ಆಗ ಯೋಚಿಸಿರಲಿಲ್ಲ.

ಎಂಟನೇ ಸುತ್ತು. ಎದುರಿಗೆ ಎಪ್ಪತ್ತು ದಾಟಿದ ಜೆಕ್ ಅಜ್ಜ, ಬಿಳಿ ಮೀಸೆ, ಕೈ ಸ್ವಲ್ಪ ನಡುಗುತ್ತಿತ್ತು. ಇದನ್ನೂ ಸೋತರೆ ಕೊನೆಯ ಸುತ್ತು ಆಡದೆ ರೈಲು ಹತ್ತುವುದು ಎಂದು ನಿರ್ಧರಿಸಿದ್ದೆ. ಚೆಸ್ ಬಿಡುವುದು ಎಂದೂ ಮನಸ್ಸಿನಲ್ಲಿತ್ತು. ಥೀಸಿಸ್ ತಲೆಯ ಮೇಲಿತ್ತು, ಕೈಲಿ ಕಾಸಿಲ್ಲ, ಇಪ್ಪತ್ತೈದಕ್ಕೆ ಮಕ್ಕಳ ಕೈಲಿ ಸೋಲುತ್ತ ಏನು ಸಾಧಿಸುತ್ತೇನೆ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ.

ನಾಲ್ಕು ಗಂಟೆ ಆಡಿದೆವು. ಕಾಯಿಗಳೆಲ್ಲ ಹೋಗಿ ನನ್ನ ರಾಜ, ಅವರ ರಾಜ, ನನ್ನ ಒಂದೇ ಒಂದು ಪ್ಯಾದೆ ಉಳಿಯಿತು. ಚೆಸ್ ಬಲ್ಲವರು ಹಾಸು ಇಟ್ಟು ನೋಡಬಹುದು: ನನ್ನ ಬಿಳಿ ರಾಜ ಡಿ4ರಲ್ಲಿ, ಅವರ ಕಪ್ಪು ರಾಜ ಡಿ6ರಲ್ಲಿ, ನನ್ನ ಪ್ಯಾದೆ ಇನ್ನೂ ಕದಲದೆ ಇ2ರಲ್ಲಿ. ನಡೆ ನನ್ನದು. ಗಡಿಯಾರದಲ್ಲಿ ಎರಡು ನಿಮಿಷ ಚಿಲ್ಲರೆ.

ಮೊದಲು ಹೊಳೆದದ್ದು ಪ್ಯಾದೆಯನ್ನು ಎರಡು ಹೆಜ್ಜೆ ಓಡಿಸುವುದು. ಬೇಗ ಹೋದಷ್ಟು ಬೇಗ ಮಂತ್ರಿ. ಮುಟ್ಟಿದ ಕಾಯನ್ನು ನಡೆಸಲೇಬೇಕು ಎಂಬುದು ನಿಯಮ; ಕೈ ಪ್ಯಾದೆಯ ತಲೆಯ ಮೇಲೆ ಬಂದು ನಿಂತಿತ್ತು, ತಾಗಿರಲಿಲ್ಲ. ಆಗ ಎದುರಿನ ಅಜ್ಜ ಮೀಸೆ ತಿರುವಿ ಮುಂದೆ ಬಾಗಿದರು.

ಈಗ ಆಟ ಶುರು ಆತ್ ನೋಡವಾ.

ಕೈ ಹಿಂದೆ ತೆಗೆದುಕೊಂಡೆ. ಇಬ್ಬರು ರಾಜರು ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಂತಿದ್ದರು. ಪಾಳಿ ನನ್ನದು. ಯಾರ ಪಾಳಿ ಐತಿ ಅವನ ಸೋತ. ಹಾಗಾದರೆ ಪಾಳಿಯನ್ನು ಅವರಿಗೆ ದಾಟಿಸಬೇಕು, ನನ್ನ ರಾಜ ಕದಲಬಾರದು, ಪ್ಯಾದೆ ರಾಜನ ಹಿಂದೆಯೇ ಉಳಿಯಬೇಕು. ಅಜ್ಜನ ಪ್ಯಾದೆ ಎಂದೂ ಎರಡು ಹೆಜ್ಜೆ ಹಾಕಿದ್ದಿಲ್ಲ. ನಾನು ಪ್ಯಾದೆಯನ್ನು ಒಂದೇ ಹೆಜ್ಜೆ ಮುಂದಿಟ್ಟೆ. ಇ3.

ಜೆಕ್ ಅಜ್ಜ ಬಹಳ ಹೊತ್ತು ಬೋರ್ಡ್ ನೋಡಿದರು. ಅವರ ರಾಜ ಪಕ್ಕಕ್ಕೆ ಸರಿಯಿತು. ನನ್ನ ರಾಜ ಮತ್ತೆ ಎದುರಿಗೆ ಬಂದು ನಿಂತ. ಇನ್ನೂ ಹತ್ತು ನಡೆ ಆಡಿ ಅವರು ಕೈ ಚಾಚಿದರು.

ಎರಡು ಹೆಜ್ಜೆ ಹಾಕಿದ್ದರೆ ಡ್ರಾ ಆಗುತ್ತಿತ್ತು ಎಂದು ಅವರೇ ಆಮೇಲೆ ಹೊರಗಿನ ಟೇಬಲ್ಲಿನಲ್ಲಿ ಕಾಯಿ ಜೋಡಿಸಿ ತೋರಿಸಿದರು. ‘ಯುವಕರು ಇದನ್ನು ಅವಸರದಲ್ಲಿ ತಪ್ಪುತ್ತಾರೆ. ನಿನಗೆ ಯಾರು ಕಲಿಸಿದರು?’ ಎಂದರು. ಅಜ್ಜನ ಆಟದ ಕಾನೂನು ಹೇಳಿದೆ, ರಾಜ ಜಿಗಿಯುವುದನ್ನೂ ಹೇಳಿದೆ. ಹೇಳುವಾಗ ಹಳೆಯ ಅಭ್ಯಾಸಕ್ಕೆ ನಗು ಬರುವುದನ್ನು ಕಾಯ್ದೆ. ಅವರು ನಗಲಿಲ್ಲ. ‘ಸುಲ್ತಾನ್ ಖಾನ್!’ ಎಂದರು.

ಮೀರ್ ಸುಲ್ತಾನ್ ಖಾನ್ ಹೆಸರು ನಾನು ಕೇಳಿದ್ದೆ, ಕಥೆ ಪೂರ್ತಿ ಗೊತ್ತಿರಲಿಲ್ಲ. ಪಂಜಾಬಿನ ಹಳ್ಳಿಯವರು. ಬಾಲ್ಯದಲ್ಲಿ ಆಡಿದ್ದು ಇದೇ ಭಾರತೀಯ ನಿಯಮದ ಆಟ. ಒಬ್ಬ ಜಮೀನುದಾರರ ಪರಿವಾರದ ಜೊತೆ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದರು. 1931ರ ಪ್ರಾಗ್ ಒಲಿಂಪಿಯಾಡ್‌ನಲ್ಲಿ ಜೆಕೊಸ್ಲೊವಾಕಿಯಾದ ಸಾಲೋ ಫ್ಲೋರ್ ಅವರ ಎದುರೂ ಗೆದ್ದರು. ‘ನಮ್ಮ ಊರಿಗೇ ಬಂದು ನಮ್ಮ ಫ್ಲೋರ್‌ನನ್ನು!’ ಎಂದು ಈ ಅಜ್ಜ ನಿನ್ನೆ ಮೊನ್ನೆ ನಡೆದಂತೆ ತಲೆಯಾಡಿಸಿದರು. ಓಪನಿಂಗ್‌ನಲ್ಲಿ ಎಡವುತ್ತಿದ್ದ ಸುಲ್ತಾನ್ ಖಾನ್ ಆಟದ ಕೊನೆಯ ಹಂತದಲ್ಲಿ ಯಾರಿಗೂ ಬಗ್ಗುತ್ತಿರಲಿಲ್ಲವಂತೆ. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಅವರು ತೀರಿಹೋಗಿ ಎಷ್ಟೋ ದಶಕಗಳಾದ ಮೇಲೆ.

ಆ ರಾತ್ರಿ ನಿದ್ದೆ ಬರದೆ ಓದುತ್ತ ಹೋದೆ. ರಾಜನ ಜಿಗಿತ ಹಳೆಯ ಕಾಲದಲ್ಲಿ ಯುರೋಪಿನಲ್ಲೂ ಇತ್ತು. ಇವತ್ತಿನ ಕ್ಯಾಸ್ಲಿಂಗ್ ಬೆಳೆದದ್ದೇ ಆ ಜಿಗಿತದಿಂದ. ಪ್ಯಾದೆಯ ಎರಡು ಹೆಜ್ಜೆ ಆಮೇಲೆ ಸೇರಿದ್ದು. ಅವರು ಆಟ ಚುರುಕಾಗಲಿ ಎಂದು ಬದಲಿಸಿಕೊಂಡರು, ನಮ್ಮ ಕಟ್ಟೆಗಳಲ್ಲಿ ಹಳೆಯದು ಉಳಿಯಿತು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೆ ಒಂದು ಭಾಗವೇ ಇದೆ. ಅವನ ತಂದೆ ಆರನೇ ವಿಕ್ರಮಾದಿತ್ಯನ ದಂಡನಾಯಕ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ನಮ್ಮ ಯಲಬುರ್ಗಾ ಸೀಮೆಯ ಇ‌ಟಗಿಯಲ್ಲಿದೆ. ಶಾಲೆಯ ಪ್ರವಾಸದಲ್ಲಿ ಅಲ್ಲಿ ಬುತ್ತಿ ಬಿಚ್ಚಿ ಉಂಡಿದ್ದೆವು. ತಾಲ್ಲೂಕು ಕ್ರೀಡಾಕೂಟದಲ್ಲಿ ಜನ ನಕ್ಕಾಗ ಇದರಲ್ಲಿ ಒಂದು ಸಾಲು ಗೊತ್ತಿದ್ದರೂ ಅಜ್ಜನ ಮುಂದೆ ಆ ಮಾತು ಆಡುತ್ತಿರಲಿಲ್ಲ ಅನಿಸಿತು. ಅಥವಾ ಆಡುತ್ತಿದ್ದೆನೋ ಏನೋ. ಹದಿಮೂರರ ಸಿಟ್ಟಿಗೆ ಇತಿಹಾಸ ಬೇಕಿರುವುದಿಲ್ಲ.

ಮರುದಿನ ಬೆಳಿಗ್ಗೆ ಅಲ್ಲಿ ಒಂಬತ್ತು, ಊರಲ್ಲಿ ಹನ್ನೆರಡೂವರೆ. ಮಾವನ ಮೊಬೈಲಿಗೆ ಕರೆ ಮಾಡಿ ಅಜ್ಜನಿಗೆ ಕೊಡಲು ಹೇಳಿದೆ. ಅಜ್ಜನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕಿವಿ ಚುರುಕು.

‘ಯಜ್ಜಾ, ನಿನ್ನೆ ಒಂದು ಆಟ ಗೆದ್ನಿ.’

‘ಎಲ್ಲಿ, ಜರ್ಮನ್ಯಾಗೇನು?’

‘ಅದರ ಆಜೂಬಾಜೂ. ಕಡೀಕೆ ಇಬ್ಬರು ರಾಜರು ಎದುರಾಬದುರಾ ನಿಂತಿದ್ರು. ಪಾಳಿ ನಂದಿತ್ತು.’

ಆ ಕಡೆ ಸದ್ದಿಲ್ಲ.

‘ಪ್ಯಾದೆ ಒಂದ ಹೆಜ್ಜಿ ಇಟ್ನಿ ಯಜ್ಜಾ. ಎರಡು ಇಡಲಿಲ್ಲ.’

ಇನ್ನೂ ಸ್ವಲ್ಪ ಹೊತ್ತು ಸದ್ದಿಲ್ಲ. ಕರೆ ಕಡಿಯಿತೇನೋ ಎಂದು ಮೊಬೈಲ್ ನೋಡಿಕೊಂಡೆ.

‘ಎರಡ್ ಇಟ್ಟಿದ್ರ ಪಾಳಿ ತಪ್ಪತಿತ್ತಲ್ಲ’ ಎಂದ ಅಜ್ಜ. ಆಮೇಲೆ, ‘ಮತ್ತ ಊಟ ಆತಿಲ್ಲೋ?’

ಹೇಳಬೇಕೆಂದುಕೊಂಡಿದ್ದ ಉಳಿದ ಮಾತು ಹೇಳಲಾಗಲಿಲ್ಲ. ಒಂಬತ್ತನೇ ಸುತ್ತಿಗೆ ಹೊತ್ತಾಗಿತ್ತು. ಅದನ್ನು ಡ್ರಾ ಮಾಡಿಕೊಂಡೆ. ಒಂಬತ್ತಕ್ಕೆ ನಾಲ್ಕು ಅಂಕ. ಪಟ್ಟಿಯಲ್ಲಿ ಮಧ್ಯಕ್ಕಿಂತ ಕೆಳಗೆ. ನಾನು ಡ್ರೆಸ್ಡೆನ್‌ಗೆ ಮರಳಿದ ಮೇಲೆ ಜುಲೈ 28ರಂದು ಬಟುಮಿಯಲ್ಲಿ ದಿವ್ಯಾ ದೇಶಮುಖ್ ಹಂಪಿಯವರನ್ನು ಟೈಬ್ರೇಕ್‌ನಲ್ಲಿ ಸೋಲಿಸಿ ವಿಶ್ವಕಪ್ ಗೆದ್ದರು. ನನ್ನ ಮೊದಲ ಸುತ್ತಿನ ಜರ್ಮನ್ ಹಿರಿಯರು ಆ ದಿನ ಗಂಗಾವತಿಯ ಬಗ್ಗೆ ಮರುಕಪಟ್ಟಿರಬಹುದು.

ಡಿಸೆಂಬರ್‌ನಲ್ಲಿ ಊರಿಗೆ ಬಂದೆ. ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲಿನಲ್ಲೇ ಹೋದೆ. ಕುಷ್ಟಗಿ ರೈಲು ಕಂಡದ್ದು 2025ರ ಮೇ ತಿಂಗಳಲ್ಲಿ, ನಮ್ಮವ್ವ ಚಿಕ್ಕವಳಿದ್ದಾಗಿನಿಂದ ‘ಬರ್ತೈತಂತ’ ಎಂದು ಕೇಳುತ್ತಿದ್ದ ರೈಲು. ಕಿಟಕಿಯ ಆಚೆ ಕಡಲೆ, ಬಿಳಿಜೋಳ ನಿಂತಿತ್ತು. ಅಜ್ಜ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದ. ಪೆರ್ನಿಕ್ ಕುದುರೆಯನ್ನು ಕೈಗಿಟ್ಟೆ. ಬೆರಳಿನಲ್ಲಿ ಸವರಿ ನೋಡಿದ. ಚೀಲದಲ್ಲಿ ಬರುವಾಗ ಅದು ನಡು ಮುರಿದು ಮುಂದಿನ ಅರ್ಧ ಮಾತ್ರ ಉಳಿದಿತ್ತು.

‘ಹಿಂದಿಂದು ಎಲ್ಲಿ?’

‘ಆ ಊರಾಗ ಅರ್ಧಾನ ಇರತೈತಿ’ ಎಂದೆ. ಹಲ್ಲಿಲ್ಲದ ಬಾಯಲ್ಲಿ ಅದು ಕಡಿಯುವಂತಿರಲಿಲ್ಲ. ಚಹಾದಲ್ಲಿ ಅದ್ದಿ ತಿಂದ. ಖಾರ ಐತಿ ಎಂದ.

‘ಹಾಸ ಎಲ್ಲಿ ಐತಿ ಯಜ್ಜಾ?’

ಅಜ್ಜಿ ಅದನ್ನು ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಿದ್ದಳು. ಕೊಡವಿ ತಂದೆ. ಕಾಯಿಗಳು ನಾಗೊಂದಿಗೆಯ ಮೇಲೆ ಅದೇ ಚೀಲದಲ್ಲಿದ್ದವು, ಕಿನ್ನಾಳದ ಆನೆಯ ಸೊಂಡಿಲು ಹೋಗಿತ್ತು. ನಾನು ಹೇಳುತ್ತಿದ್ದೆ, ಅಜ್ಜ ಬೆರಳಿನಲ್ಲಿ ಮುಟ್ಟಿ ಮುಟ್ಟಿ ಆಡುತ್ತಿದ್ದ. ಹನ್ನೊಂದೋ ಹನ್ನೆರಡೋ ನಡೆಯಾದ ಮೇಲೆ ಅವನ ರಾಜನಿಗೆ ಇಕ್ಕಟ್ಟಾಯಿತು. ಅಜ್ಜನ ಕೈ ರಾಜನ ತಲೆಯ ಮೇಲೆ ಬಂದು ನಿಂತಿತು.

‘ಶಾ ಬಿದ್ದಿಲ್ಲ ಹೌದಿಲ್ಲೋ ಇನ್ನಾ?’

‘ಇಲ್ಲ ಯಜ್ಜಾ. ಬಿದ್ದಿಲ್ಲ.’

ರಾಜ ಜಿಗಿದ. ಸಂಜೆಯೊಳಗೆ ಮೂರು ಆಟ ಆಡಿದೆವು. ಎರಡು ಅಜ್ಜನೇ ಗೆದ್ದ.